ಡ್ಯೂವರ್ ಹೆಸರಿನ ಚಾಕರಿ

ಗ್ಲೆನ್ ಅರ್ವನ್ ಕಣಿವೆಯಲ್ಲಿ ಒಲೆ ಉರಿಯುವ ಪ್ರತಿ ಮನೆಯೂ ಎಫಿ ಡ್ಯೂವರ್‌ಗೆ ವರ್ಷಕ್ಕೊಂದು ಕೊಳಗ ಓಟ್ಸ್ ಹಿಟ್ಟು ಅಳೆದು ಕೊಡಬೇಕು. ಕೊಟ್ಟಿಲ್ಲ. ಅವಳಪ್ಪನಿಗೂ ಕೊಡಲಿಲ್ಲ, ತಾತನಿಗೂ ಕೊಡಲಿಲ್ಲ. ಕೇಳಿದರೆ ಹಲ್ಲು ಕಿರಿಯುತ್ತಾರೆ. ಭಿಕ್ಷೆಯಾಗಿದ್ದರೆ ಹೋಗಲಿ ಎನ್ನಬಹುದಿತ್ತು. ಇದು ಕೂಲಿ.

ಯಾವ ಕೆಲಸದ ಕೂಲಿ ಎಂದರೆ, ಹೆಸರಿನ ಕೆಲಸದ್ದು. ಡ್ಯೂವರ್ ಎನ್ನುವುದು ಈಗ ಮನೆತನದ ಹೆಸರು. ಮೊದಲು ಅದು ಚಾಕರಿಯ ಹೆಸರಾಗಿತ್ತು. ಅದಕ್ಕೂ ಮೊದಲು ಬೈಗುಳಕ್ಕೆ ಹತ್ತಿರದ ಮಾತು. ಗೇಲಿಕ್ ನುಡಿಯಲ್ಲಿ ಹಳಬರು ಊರು ಬಿಟ್ಟು ತಿರುಗುವ ಪರದೇಶಿಯನ್ನು ಹಾಗೆ ಕರೆಯುತ್ತಿದ್ದರು. ಕಣಿವೆಗೆ ದೇವರ ಮಾತು ತಂದ ಸಂತ ಸತ್ತಾಗ ಅವನದೊಂದು ಕಬ್ಬಿಣದ ಕೈಗಂಟೆ ಉಳಿಯಿತಂತೆ. ಅದನ್ನು ಹೊತ್ತು ಊರೂರು ಅಲೆದವನು ಜನರ ಬಾಯಲ್ಲಿ ಪರದೇಶಿಯಾದ. ಕಾಲ ಕಳೆದು ಗಂಟೆ ಒಂದು ಮನೆಯಲ್ಲಿ ನೆಲೆ ನಿಂತಿತು, ಹೊತ್ತವನೂ ನೆಲೆ ನಿಂತ. ಹೆಸರು ಮಾತ್ರ ಅಲೆಯುವವನದೇ ಉಳಿದುಕೊಂಡಿತು.

ಗಂಟೆಯನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದಕ್ಕೆ ಯಾರೂ ಹಿಟ್ಟು ಕೊಡುವುದಿಲ್ಲ. ಡ್ಯೂವರ್‌ನ ಚಾಕರಿ ಬೇರೆಯೇ ಇತ್ತು. ಕಣಿವೆಯಲ್ಲಿ ಯಾರದಾದರೂ ದನ ಕುರಿ ಕಳವಾಗಿ, ಕಳ್ಳನ ಬೆನ್ನು ಹತ್ತಲು ಅವರಿಗೆ ಧೈರ್ಯ ಸಾಲದೆ ಹೋದರೆ, ಡ್ಯೂವರ್‌ನ ಹೊಸ್ತಿಲ ಮೇಲೆ ಒಂದು ಜೊತೆ ಬೂಟು, ಮೊದಲ ರಾತ್ರಿಯ ಊಟ ಇಡಬೇಕು. ಬಾಯಿಬಿಟ್ಟು ಏನೂ ಹೇಳಬೇಕಾಗಿಲ್ಲ. ಕಂಡ ಮೇಲೆ ಡ್ಯೂವರ್ ಎದ್ದು, ಗಂಟೆ ತೆಗೆದುಕೊಂಡು ಹೊರಡಬೇಕು, ದೇಶದ ಕೊನೆಯವರೆಗೆ ಹೋಗಬೇಕಾದರೂ ಸರಿ. ಗಂಟೆ ಎದುರು ಬಂದರೆ ಯಾವ ಬಾಗಿಲೂ ಮುಚ್ಚುವಂತಿಲ್ಲ. ಇದಕ್ಕೆ ಪ್ರತಿಯಾಗಿ ಹಿಟ್ಟು, ಜೊತೆಗೆ ಹೊಳೆದಂಡೆಯ ಒಂದು ಹೊಲ, ಗೇಣಿಯಿಲ್ಲದೆ, ಕರೆದಾಗ ಹೋಗುವವರೆಗೆ.

ಹಿಟ್ಟು ನಿಂತಿತು. ಹೊಲ ಉಳಿಯಿತು. ಆರ್ಗೈಲ್‌ ಸೀಮೆಯ ಆ ಮೂಲೆಯಲ್ಲಿ ಎಲ್ಲಿ ಕಾಲಿಟ್ಟರೂ ಬಂಡೆ, ಇಲ್ಲವೇ ಜೌಗು. ನೇಗಿಲು ಕಲ್ಲಿಗೆ ತಾಗದೆ ಹರಿಯುವ ನೆಲ ಎಂದರೆ ಡ್ಯೂವರ್ ಹೊಲ ಒಂದೇ. ಅಕ್ಕಪಕ್ಕದವರು ಪ್ರಾರ್ಥನೆಗೆ ಹೋಗುವಾಗಲೂ ಬರುವಾಗಲೂ ಅದನ್ನೇ ನೋಡುತ್ತಿದ್ದರು. ಚರ್ಚಿನ ಗೋಪುರಕ್ಕಿಂತ ಅದರ ಆಲೂಗಡ್ಡೆ ಸಾಲಿನ ಮೇಲೆ ಅವರ ಕಣ್ಣು ಜಾಸ್ತಿ.

ಎಫಿ ಹದಿನೇಳಕ್ಕೆ ಗ್ಲಾಸ್ಗೋಗೆ ಹೋದವಳು. ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ಮನೆಯಲ್ಲಿ ರಕ್ತ ಕೀವಿನ ಹಾಸಿಗೆ ಬಟ್ಟೆ ಕುದಿಸಿ ಕೈ ಚರ್ಮ ಕಳೆದುಕೊಂಡಳು. ಅಲ್ಲಿ ಕೂಲಿ ಕಡಿತವಾದಾಗ ಒಲೆ ಆರಿಸಿ ಹೊರಗೆ ಕೂತ ಹೆಂಗಸರಲ್ಲಿ ಅವಳೂ ಒಬ್ಬಳು. ಮುಂದೆ ನಿಂತು ಕೂಗಿದವರಲ್ಲಿ ಅರ್ಧ ಜನ ಒಳಗೊಳಗೇ ಮೇಲಿನವರಿಗೆ ಸುದ್ದಿ ಮುಟ್ಟಿಸುತ್ತಿದ್ದರು ಎಂದು ಅವಳಿಗೆ ಆಮೇಲೆ ತಿಳಿಯಿತು. ಆವತ್ತಿನಿಂದ ಯಾರು ನಕ್ಕರೂ ಅವಳು ಮೊದಲು ಅವರ ಕೈ ನೋಡುತ್ತಾಳೆ. ಅವಳ ತಮ್ಮ ಯುದ್ಧದಲ್ಲಿ ಸತ್ತ. ಅಪ್ಪನನ್ನು ನೋಡಿಕೊಳ್ಳಲು ಅವಳು ಊರಿಗೆ ಬಂದಳು, ಅಪ್ಪನನ್ನು ಹೂಳಿದಳು, ಉಳಿದಳು. ಮದುವೆ ಆಗಲಿಲ್ಲ. ಒಂದು ಹಸು, ಒಂದು ನಾಯಿ, ಕೋಳಿಗಳು. ಸಂತ ಗಿಂತ ಎಂದರೆ ಅವಳ ಪಂಥದವರಿಗೆ ಆಗುವುದಿಲ್ಲ. ಪಾದ್ರಿ ಒಮ್ಮೆ ಆ ಗಂಟೆಯನ್ನು ಹೊಳೆಗೆ ಎಸೆ ಎಂದಾಗ, “ಎಸೀತೀನಿ, ಮೊದಲು ನಿಮ್ಮ ಚರ್ಚಿನ ಜಮೀನು ಎಸೀರಿ” ಎಂದಿದ್ದಳು.

ಎಸ್ಟೇಟಿನ ಹೊಸ ಕಾರಭಾರಿ ಪ್ರಿಂಗಲ್ ದಕ್ಷಿಣದ ಬಯಲು ಸೀಮೆಯವನು. ಧಣಿ ಲಂಡನ್ನಿನಲ್ಲಿ, ಕಾರಭಾರ ಇವನದು. ಗುಡ್ಡದ ಮೇಲೆಲ್ಲ ತಂತಿಬಲೆ ಬಿಗಿದು ಪೈನ್ ಗಿಡ ನೆಡಿಸುತ್ತಿದ್ದ. ಸಸಿಮಡಿಗೆ ಹೊಳೆದಂಡೆಯ ಹೊಲ ಬೇಕು ಎಂದು ಸೆಪ್ಟೆಂಬರಿನಲ್ಲಿ ಅವಳ ಮನೆಗೆ ಬಂದ. ಅವಳು ಚಹಾ ಕೊಟ್ಟಳು, ರೊಟ್ಟಿ ಕೊಡಲಿಲ್ಲ.

“ಮಿಸ್ ಡ್ಯೂವರ್, ಈ ಹೊಲಕ್ಕೆ ಕಾಗದ ಏನಾದ್ರೂ ಇದ್ಯಾ ನಿಮ್ಮ ಹತ್ರ?”

“ಗಂಟೆ ಇದೆ.”

“ಗಂಟೆ ಕಾಗದ ಅಲ್ವಲ್ಲ.”

“ಕಾಗದ ಬಾರ್ಸಕ್ಕಾಗಲ್ವಲ್ಲ, ಸಾಹೇಬ್ರೇ.”

ಪ್ರಿಂಗಲ್ ನಕ್ಕ. ಅವಳು ಅವನ ಕೈ ನೋಡಿದಳು. ಹ್ಯಾಟಿನ ಅಂಚನ್ನು ಸುತ್ತಲೂ ಸವರುತ್ತಿದ್ದ, ಹೊಲದ ಸುತ್ತ ತಂತಿ ಎಳೆದ ಹಾಗೆ.

“ನೋಡಿ, ನಾನು ಹಳೇ ಪದ್ಧತಿಗೆ ವಿರೋಧಿ ಅಲ್ಲ. ಸೇವೆ ಇದ್ರೆ ಹೊಲ. ನಿಮ್ಮನ್ನ ಕೊನೇ ಸಲ ಕರೆದಿದ್ದು ಯಾರು?”

“ನನ್ನ ಕಾಲದಲ್ಲಿ ಯಾರೂ ಕರೀಲಿಲ್ಲ. ಅಪ್ಪನ ಕಾಲದಲ್ಲೂ ಇಲ್ಲ.”

“ಕರೆದ್ರೆ?”

“ಹೋಗ್ತೀನಿ.”

“ಹೋಗ್ದಿದ್ರೆ? ಅಥವಾ ಹೋಗಿ ಬರಿಗೈಲಿ ಬಂದ್ರೆ?”

“ಹೊಲ ನಿಮ್ದು” ಎಂದುಬಿಟ್ಟಳು. ಹೇಳಿದ ಮರುಕ್ಷಣ ನಾಲಿಗೆ ಕಚ್ಚಿಕೊಂಡಳು. ಪ್ರಿಂಗಲ್ ಅಲ್ಲಿಯವರೆಗೆ ತುಟಿಗೂ ತಾಗಿಸದಿದ್ದ ಚಹಾವನ್ನು ಗಟಗಟ ಕುಡಿದು ಲೋಟ ಖಾಲಿ ಮಾಡಿ ಎದ್ದ. ಹೋಗುವಾಗ ಕೋಳಿಗಳಿಗೂ ನಮಸ್ಕಾರ ಹೇಳುವಷ್ಟು ಖುಷಿಯಲ್ಲಿದ್ದ. ಎಫಿ ಆ ಲೋಟವನ್ನು ಎರಡು ಸಲ ತೊಳೆದಳು.

ಅಕ್ಟೋಬರ್ ಮಧ್ಯದಲ್ಲಿ ಬೆಲ್ಲಾ ಮೆಕ್‌ಫೇಲ್‌ಳ ಕುರಿಗಳು ಕಾಣೆಯಾದವು. ಬೆಲ್ಲಾ ವಿಧವೆ, ಹೊಳೆಯ ಆಚೆ ದಂಡೆಯವಳು. ಅವಳ ಕಪ್ಪು ಮುಖದ ಹೆಣ್ಣು ಕುರಿಗಳು ಒಂದು ರಾತ್ರಿ ಗುಡ್ಡದ ಮೇಲಿದ್ದವು, ಬೆಳಗ್ಗೆ ಇರಲಿಲ್ಲ. ಅಂಚೆಮನೆಯ ಮುಂದೆ ಸೇರಿದ ಜನ ಕಳ್ಳನನ್ನು ನಿಂತ ನಿಲುವಿನಲ್ಲೇ ಹಿಡಿದುಬಿಟ್ಟರು. ಹಳೆಯ ಕಲ್ಲುಗಣಿಯ ಹತ್ತಿರ ತಗಡಿನ ಕೆಲಸ ಮಾಡುವ ಅಲೆಮಾರಿಗಳು ಡೇರೆ ಹಾಕಿದ್ದರು. ಇನ್ನಾರನ್ನು ಹುಡುಕಬೇಕು? ಹಿಂದಿನ ವಾರ ಅವರ ಹತ್ತಿರವೇ ಹಾಲಿನ ಪಾತ್ರೆಗೆ ತೇಪೆ ಹಾಕಿಸಿಕೊಂಡವರು ಎಲ್ಲರಿಗಿಂತ ಜೋರಾಗಿ ಕೂಗಿದರು.

“ಪೊಲೀಸಿಗೆ ಹೇಳೋಣ್ವಾ?” ಎಂದು ಬೆಲ್ಲಾ ಕೇಳಿದಳು.

“ಪೊಲೀಸು ಬಂದು ಚಹಾ ಕುಡಿದು ಹೋಗ್ತಾನೆ” ಎಂದ ಲಾಕ್ಲನ್ ಮೆಕಾಲಮ್. ಎಫಿಯ ಪಕ್ಕದ ಮನೆಯವನು, ಅವಳ ಓರಗೆಯವನು, ಈಗ ಎಸ್ಟೇಟಿನ ತಂತಿ ಕಾವಲಿನ ಕೆಲಸದಲ್ಲಿದ್ದ. “ನಮ್ಮಲ್ಲೇ ಇದ್ದಾಳಲ್ಲ, ಕಳ್ಳನ್ನ ಹಿಡಿಯೋಳು. ಏನಂತೀಯ ಎಫಿ? ಪರದೇಶಿಗಳ್ನ ಹಿಡಿಯಕ್ಕೆ ಪರದೇಶಿ ಹೆಸರಿನೋಳೇ ಸರಿ.”

ಜನ ನಕ್ಕರು. ಎಫಿ ಉಪ್ಪು, ಬೆಂಕಿಪೊಟ್ಟಣ ತೆಗೆದುಕೊಂಡು ಮನೆಗೆ ಬಂದಳು. ದಾರಿಯುದ್ದಕ್ಕೂ ಅವಳಿಗೆ ಕಿರಿಕಿರಿ. ಎರಡು ತಲೆಮಾರು ಊರಲ್ಲಿ ಯಾರ ಬಾಯಲ್ಲೂ ಬಾರದ ಮಾತು ಒಂದೇ ತಿಂಗಳಲ್ಲಿ ಎರಡು ಬಾಯಲ್ಲಿ ಬಂದಿತ್ತು.

ಮರುದಿನ ಬೆಳಗ್ಗೆ ಹಾಲು ಕರೆಯಲು ಬಾಗಿಲು ತೆಗೆದರೆ ಹೊಸ್ತಿಲ ಮೇಲೆ ಬೂಟು.

ಎಫಿ ಬಾಗಿಲು ಮುಚ್ಚಿದಳು. ಕಿಟಕಿಗೆ ಹೋಗಿ ಪರದೆಯ ಸಂದಿಯಿಂದ ನೋಡಿದಳು. ಗೋಡೆ ಬದಿ, ದಾರಿ, ಹೊಳೆಯ ಆಚೆ, ಎಲ್ಲೂ ಒಂದು ನರಪಿಳ್ಳೆ ಇಲ್ಲ. ನಾಯಿ ಬೊಗಳಿರಲಿಲ್ಲ. ಅಂದರೆ ಇಟ್ಟವನು ನಾಯಿಗೆ ಗುರುತಿನವನು. ಅದು ಹಸಿದಾಗೆಲ್ಲ ಊರಿನ ಅರ್ಧ ಮನೆಗಳಲ್ಲಿ ತಿನ್ನುತ್ತಿತ್ತು, ಹಾಗಾಗಿ ನಾಯಿಯ ಸಾಕ್ಷಿಯೂ ನೆಚ್ಚುವಂಥದ್ದಲ್ಲ. ಹಿತ್ತಲ ಬಾಗಿಲಿನಿಂದ ಸುತ್ತಿ ಬಂದು ಬೂಟಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಗಂಡಸಿನ ಬೂಟು. ಹೊಚ್ಚ ಹೊಸದು, ಅಡಿಯ ಮೊಳೆಗಳು ಒಂದು ಹೆಜ್ಜೆಯನ್ನೂ ತುಳಿದಿಲ್ಲ. ಪಕ್ಕದಲ್ಲಿ ಬಿಳಿ ಬಟ್ಟೆಯ ಗಂಟು: ಓಟ್ಸ್ ರೊಟ್ಟಿ, ಗಿಣ್ಣಿನ ತುಂಡು, ಒಣಗಿಸಿದ ಹೆರಿಂಗ್ ಮೀನು.

ತಮಾಷೆಗೆ ಇಡುವವನು ಹರಿದ ಬೂಟು ಇಡುತ್ತಾನೆ. ಹಂದಿಯ ಮುಸುರೆ ಗಂಟು ಕಟ್ಟುತ್ತಾನೆ. ಇದು ತಮಾಷೆಯಲ್ಲ. ಹಾಗಾದರೆ ಬೆಲ್ಲಾಳೇ ಕರೆದಳೋ? ಬೆಲ್ಲಾಳ ಸ್ವಂತ ಬೂಟಿಗೇ ತೂತು ಬಿದ್ದಿದೆ, ಅವಳು ಹೊಸದೆಲ್ಲಿಂದ ತರುತ್ತಾಳೆ?

ಅಪ್ಪ ಸಾಯುವ ಮುಂಚೆ ಹೇಳಿದ್ದ: “ಬೂಟು ಕಂಡ್ರೆ ಹೋಗು ಮಗಳೇ. ಯಾರಿಟ್ರು ಅಂತ ಕೇಳಕ್ಕೆ ನಿಂತ್ರೆ ಹೊತ್ತು ಹೋಗುತ್ತೆ, ಹೊಲಾನೂ ಹೋಗುತ್ತೆ.” ಅಪ್ಪ ಸ್ವತಃ ಒಂದು ಸಲವೂ ಬೂಟು ಕಂಡವನಲ್ಲ.

ಅವಳು ಹಸು ಕರೆದು ಮುಗಿಸುವಷ್ಟರಲ್ಲಿ ಲಾಕ್ಲನ್ ಬಂದ. ಬೇಲಿಯ ಮೇಲೆ ಮೊಣಕೈ ಊರಿ ಮೋಡ ನೋಡಿದ.

“ಮಳೆ ಬರೋ ಹಾಗಿದೆ ಕಣೇ.”

“ಈ ಊರಲ್ಲಿ ಯಾವತ್ತು ಬರೋ ಹಾಗಿಲ್ಲ?”

“ನಿನ್ನ ಮಂಡಿನೋವು ಹೆಂಗಿದೆ?”

“ಮಂಡಿ ನೆಟ್ಟಗಿದೆ. ನೀನ್ಯಾವಾಗ ಡಾಕ್ಟ್ರಾದೆ?”

“ಅಲ್ವೇ, ಒಳ್ಳೇದಕ್ಕೆ ಹೇಳ್ತೀನಿ. ಈ ವಯಸ್ಸಲ್ಲಿ ಗುಡ್ಡ ಹತ್ತೋದು ಇಳಿಯೋದು ಎಲ್ಲ ನಿನಗ್ಯಾಕೆ? ಹಳೇ ಕಾಲದಲ್ಲಿ ಹೋಗ್ತಿದ್ದೋರು ಗಂಡಸ್ರು. ಹೆಂಗಸು ಹೋಗ್ಬೇಕಂತ ಎಲ್ಲಿದೆ? ಹಂಗೂ ಹೋಗ್ಲೇಬೇಕು ಅಂದ್ರೆ ಕಲ್ಲುಗಣಿ ಹತ್ರಾನೇ ಇದೆ. ಡೇರೆಗಳಲ್ಲಿ ಒಂದು ಸಲ ಇಣುಕಿ ಬಂದ್ಬಿಡು, ಮುಗೀತು.”

ಮಾತಾಡುವಷ್ಟು ಹೊತ್ತೂ ಅವನು ಮೋಡ ನೋಡಿದ, ಹಸು ನೋಡಿದ, ಹೊಳೆ ನೋಡಿದ. ಅವಳ ಅಂಗಳದಲ್ಲಿ ಕೋಳಿ ಎಷ್ಟು ಮೊಟ್ಟೆ ಇಟ್ಟಿತು ಎಂಬುದನ್ನೂ ಬಿಡದೆ ನೋಡುವ ಗಂಡಸು, ಹೊಸ್ತಿಲ ಮೇಲಿನ ಹೊಸ ಬೂಟನ್ನು ಮಾತ್ರ ನೋಡಲಿಲ್ಲ. ನೋಡದವನು ಆಗಲೇ ಚೆನ್ನಾಗಿ ನೋಡಿದವನು ಎಂದು ಎಫಿಗೆ ಹೊಳೆಯಿತು. ಹಾಲಿನ ಬಕೆಟ್ ಎತ್ತಿಕೊಂಡು ಒಳಗೆ ಹೋದಳು.

ಒಲೆಯ ಮುಂದೆ ಕೂತು ಲೆಕ್ಕ ಹಾಕಿದಳು. ಹೋಗದಿದ್ದರೆ ಹೊಲ ಪ್ರಿಂಗಲ್‌ನದು. ಕಲ್ಲುಗಣಿಗೆ ಹೋಗಿ ಡೇರೆ ಕೆದಕಿದರೆ ಅಲ್ಲಿ ಕುರಿ ಇರುವುದಿಲ್ಲ, ಬರಿಗೈಲಿ ಬರಬೇಕು, ಆಗಲೂ ಹೊಲ ಅವನದು. ಜೊತೆಗೆ, ಡ್ಯೂವರ್ ಹೋಗಿ ಹುಡುಕಿದಳಂತೆ ಎಂಬ ಒಂದೇ ಮಾತಿನ ಮೇಲೆ ಜನ ಆ ಡೇರೆಗಳನ್ನು ಕಿತ್ತು ಸುಡುತ್ತಾರೆ. ಎರಡೂ ದಾರಿಯಲ್ಲಿ ಬಲೆ ಇತ್ತು. ಬಲೆ ಕಟ್ಟಿದವನು ಮೂರನೆಯ ದಾರಿ ಬಿಟ್ಟಿದ್ದಾನೋ ನೋಡಬೇಕು.

ಬೂಟು ದೊಡ್ಡದಾಯಿತು. ತುದಿಗೆ ಉಣ್ಣೆ ತುರುಕಿ ಹಾಕಿಕೊಂಡಳು. ಮಂಚದಡಿಯಿಂದ ಗಂಟೆ ತೆಗೆದು ಗೋಣಿಚೀಲಕ್ಕೆ ಹಾಕಿ ಹೆಗಲಿಗೆ ಏರಿಸಿದಳು. ಹಸುವನ್ನು ಬೆಲ್ಲಾಳ ಸುಪರ್ದಿಗೆ ಕೊಟ್ಟಳು. “ಬೂಟು ನೀನಿಟ್ಟೆಯಾ?” ಎಂದು ಅವಳ ಮುಖಕ್ಕೇ ಕೇಳಿದಳು.

“ನಾನ್ಯಾಕೆ ಇಡ್ಲಿ? ನಂಗೆ ಆ ಪದ್ಧತಿ ಇನ್ನೂ ಇದೆ ಅಂತಾನೇ ಗೊತ್ತಿರ್ಲಿಲ್ಲ ಮಾರಾಯ್ತಿ.” ಬೆಲ್ಲಾಳ ಕಣ್ಣಲ್ಲಿ ನೀರಿತ್ತು. ಎಫಿ ಅದನ್ನೂ ಅರ್ಧವೇ ನಂಬಿದಳು.

ಊರು ಊರೇ ಬಾಗಿಲಿಗೆ ಬಂದು ನಿಂತಿತ್ತು. ದೊಡ್ಡ ಬೂಟಿನಲ್ಲಿ ಬಾತುಕೋಳಿಯ ಹಾಗೆ ನಡೆದು ಬಂದ ಹೆಂಗಸು ಸೇತುವೆಯ ಹತ್ತಿರ ಯಾವ ಕಡೆ ತಿರುಗುತ್ತಾಳೆ ಎಂದು ಎಲ್ಲರ ಕಣ್ಣೂ ಅವಳ ಮೇಲೆ. ಕೆಳಗೆ ಕಲ್ಲುಗಣಿ, ಮೇಲೆ ಎಸ್ಟೇಟಿನ ಗುಡ್ಡ. ಅವಳು ಮೇಲಕ್ಕೆ ತಿರುಗಿದಳು. ಯಾರೋ “ಅಯ್ಯೋ, ದಾರಿ ತಪ್ಪಿದಳು” ಎಂದರು. ಲಾಕ್ಲನ್ ಒಬ್ಬನೇ ಬಾಗಿಲಿನಿಂದ ಒಳಗೆ ಸರಿದ.

ಅವಳಿಗಿದ್ದದ್ದು ಕಣಿವೆಯ ಮಕ್ಕಳಿಗೂ ಗೊತ್ತಿರುವ ಒಂದೇ ವಿಚಾರ. ಆ ಗುಡ್ಡದ ಕುರಿಗೆ ಬೇಲಿ ಬೇಕಿಲ್ಲ. ತಾಯಿಯ ಜೊತೆ ಮೇಯ್ದ ಜಾಗ ಬಿಟ್ಟು ಅದು ಹೋಗುವುದಿಲ್ಲ. ಅಟ್ಟಿದರೂ ಬಿಟ್ಟ ಕೂಡಲೇ ವಾಪಸು ಬರುತ್ತದೆ. ಬೆಲ್ಲಾಳ ಕುರಿ ಬಂದಿಲ್ಲ ಎಂದರೆ ಯಾರಾದರೂ ತಿಂದಿರಬೇಕು, ಇಲ್ಲವೇ ತಂತಿಯ ಒಳಗಿರಬೇಕು. ಅಷ್ಟು ಕುರಿ ತಿಂದು ತೇಗುವಷ್ಟು ಹೊಟ್ಟೆ ಕಲ್ಲುಗಣಿಯಲ್ಲಿರಲಿಲ್ಲ. ತಂತಿ ಇದ್ದದ್ದು ಎಸ್ಟೇಟಿನಲ್ಲಿ ಮಾತ್ರ. ಇಷ್ಟನ್ನು ಊರಿನವರೆಲ್ಲ ಯೋಚಿಸಬಹುದಿತ್ತು. ತಂತಿಯ ಕೂಲಿ ತಿನ್ನುವ ಬಾಯಿಗಳು ಯೋಚಿಸಲಿಲ್ಲ.

ಪದ್ಧತಿಯ ಮೊದಲ ರಾತ್ರಿಯನ್ನು ಪಾಳು ಬಿದ್ದ ಕುರಿಗಾಹಿ ಗುಡಿಸಲಲ್ಲಿ ಕಳೆದಳು. ರೊಟ್ಟಿಯನ್ನು ಮೊದಲು ಮೂಸಿ, ಜೊತೆಗೆ ಬಂದಿದ್ದ ನಾಯಿಗೆ ಒಂದು ಚೂರು ಹಾಕಿ, ನಾಯಿ ಬದುಕಿದ್ದನ್ನು ನೋಡಿ ತಿಂದಳು. ಮರುದಿನ ಮಂಜು ಹರಿಯುವ ಹೊತ್ತಿಗೆ ಗುಡ್ಡದ ಹಿಂಭಾಗದಲ್ಲಿ, ತಂತಿ ಬಿಗಿದರೂ ಇನ್ನೂ ಗಿಡ ನೆಡದ ತುಂಡಿನ ಮುಂದೆ ನಿಂತಿದ್ದಳು. ಒಳಗೆ ಕಪ್ಪು ಮುಖಗಳು. ಬಲಗಿವಿಯ ತುದಿ ಕತ್ತರಿಸಿ ಎಡಗಿವಿಗೆ ಹಿಂದಿನಿಂದ ಒಂದು ಕಚ್ಚು: ಮೆಕ್‌ಫೇಲ್ ಮನೆಯ ಗುರುತು. ಗೇಟಿಗೆ ಬೀಗ.

ಎಫಿ ಗಂಟೆ ತೆಗೆದು ಬಾರಿಸಿದಳು. ದನಿ ಏನು ಚೆಂದವಿರಲಿಲ್ಲ. ಒಡಕು ಬಾಣಲೆಗೆ ಸೌಟಿನಿಂದ ಹೊಡೆದ ಹಾಗಿತ್ತು. ಬಹಳ ಹೊತ್ತು ಬಾರಿಸಿದ ಮೇಲೆ ಕೆಳಗಿನಿಂದ ಲಾಕ್ಲನ್ ಏದುಸಿರು ಬಿಡುತ್ತ ಬಂದ. ಸೊಂಟದಲ್ಲಿ ಬೀಗದ ಕೈ ಗೊಂಚಲು.

“ನಿಲ್ಸೇ ಮಾರಾಯ್ತಿ, ಇಡೀ ಕಣಿವೆಗೆ ಕೇಳುತ್ತೆ.”

“ಕೇಳ್ಲಿ ಅಂತ್ಲೇ ಬಾರಿಸ್ತಿರೋದು. ಬೀಗ ತೆಗಿ.”

“ಪ್ರಿಂಗಲ್ ಸಾಹೇಬ್ರು…”

“ಸಾಹೇಬ ಆಮೇಲೆ. ಗಂಟೆ ಬಂದಿದೆ, ಗೇಟು ತೆಗಿ.”

ಅವನು ನಿಂತ. ಗಂಟೆ ನೋಡಿದ. ಕೈ ತಾನಾಗಿಯೇ ಬೀಗದ ಕೈಗೆ ಹೋಯಿತು. ತೆಗೆದ. ಕುರಿಗಳು ಅವರಿಬ್ಬರ ಕಾಲು ಸಂದಿಯಲ್ಲೇ ನುಗ್ಗಿ ಇಳಿಜಾರಿಗೆ ಬಿದ್ದವು.

“ಏನು ಕೊಡ್ತೀನಿ ಅಂದಿದ್ದ?” ಎಂದು ಎಫಿ ಕೇಳಿದಳು.

“ಹೊಲದ ಕೆಳಗಿನ ಮೂಲೆ. ಮಗನಿಗೊಂದು ಮನೆ ಕಟ್ಕೊಳ್ಳಕ್ಕೆ.” ಅವನು ಕಲ್ಲಿನ ಮೇಲೆ ಕೂತ. “ನೀನು ಹೋಗಲ್ಲ ಅಂತ ನಾನು ಆಣೆ ಇಟ್ಟಿದ್ದೆ ಅವನ ಹತ್ರ.”

“ಹಂಗಾದ್ರೆ ಹರಕು ಬೂಟು ಇಡೋದು ತಾನೇ? ಹೊಸದು ಯಾಕೆ ತಂದೆ? ಗಂಟಲ್ಲಿ ಮೀನು ಬೇರೆ!”

ಲಾಕ್ಲನ್ ಮುಖ ಎತ್ತಿದ. ಅವನಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. “ಏನಂದೆ? ಡ್ಯೂವರ್‌ನ ಕರೆಯೋದಕ್ಕೆ ಹರಕು ಬೂಟಾ? ಪ್ರಿಂಗಲ್ಲೂ ಅದೇ ಅಂದ, ಯಾವ್ದೋ ಒಂದು ಬಿಸಾಕು ಅಂತ. ನಮ್ಮಪ್ಪ ಗೋರಿಯಿಂದ ಎದ್ದು ಬಂದು ಒದೀತಿದ್ದ. ಕರೆದ್ರೆ ಸರಿಯಾಗಿ ಕರೀಬೇಕು.”

ಎಫಿಗೆ ನಗು ಬಂತು, ನಗಲಿಲ್ಲ. “ಸರಿಯಾಗಿ ಕರೆದೆ. ನಾನು ಸರಿಯಾಗಿ ಬಂದೆ. ಕುರಿ ಸಿಕ್ತು. ಇನ್ನೇನು ಬಾಕಿ?”

ಬಾಕಿ ಏನು ಎಂಬುದು ಅವನಿಗೆ ಆಗ ಅರ್ಥವಾಯಿತು. ಬರೀ ಮೋಸ ಮಾಡಬೇಕಿದ್ದವನು ಪೂರಾ ಪದ್ಧತಿಯನ್ನು ಎಬ್ಬಿಸಿ ಕೂರಿಸಿದ್ದ. ಸೇವೆ ಸತ್ತಿದೆ ಎಂದು ತೋರಿಸಲು ಹೋಗಿ ತನ್ನ ಕೈಯಾರೆ ಸೇವೆ ಕೇಳಿದ್ದ.

ಕುರಿ ಮನೆಗೆ ಬಂದವು. ಅಂಚೆಮನೆಯ ಮುಂದಿನವರು ಆವತ್ತು ಮೋಡದ ವಿಚಾರ ಮಾತ್ರ ಮಾತಾಡಿದರು. ಪ್ರಿಂಗಲ್ ಸುಮ್ಮನಿರಲಿಲ್ಲ. ಅವನ ವಾದ ಇದು: ಕುರಿಗಳು ದಾರಿ ತಪ್ಪಿ ತಂತಿಯೊಳಗೆ ಸೇರಿದ್ದವು, ಕಳವೇ ಆಗಿಲ್ಲ. ಬೂಟು ಯಾರದೋ ಹುಡುಗಾಟ. ಕುರಿಯ ಒಡತಿ ಕರೆದಿಲ್ಲ. ಹಾಗಾಗಿ ಸೇವೆ ನಡೆದಿಲ್ಲ ಎಂದು ಅರ್ಜಿ ಹಾಕಿದ. ಭೂಮಿ ವ್ಯಾಜ್ಯದ ಅಧಿಕಾರಿ ಬಂದು ಶಾಲೆಯ ಕೋಣೆಯಲ್ಲಿ, ಮಕ್ಕಳ ಬೆಂಚುಗಳಲ್ಲಿ ದೊಡ್ಡವರನ್ನು ಕೂರಿಸಿ ವಿಚಾರಣೆ ಮಾಡಿದ.

“ಬೂಟು ಇಟ್ಟೋರು ಯಾರು?”

ಕೆಲವರಿಗೆ ತಂತಿಯ ಕೂಲಿ, ಕೆಲವರಿಗೆ ಚಳಿಗಾಲದ ಸೌದೆ, ಒಬ್ಬೊಬ್ಬರ ಬಾಯಿಗೂ ಒಂದೊಂದು ಬಿರಡೆ. ಲಾಕ್ಲನ್ ತನ್ನ ಟೋಪಿಯೊಳಗೆ ಏನೋ ಕಳೆದುಹೋದವನ ಹಾಗೆ ಅದನ್ನೇ ನೋಡುತ್ತಿದ್ದ.

ಬೆಲ್ಲಾ ಎದ್ದಳು. “ನಾನು ಇಡ್ಲಿಲ್ಲ. ಸುಳ್ಳು ಹೇಳಲ್ಲ. ಆದ್ರೆ ಕುರಿ ನನ್ನ ಹಟ್ಟೀಲಿವೆ, ಅದೂ ಸುಳ್ಳಲ್ಲ.”

ಅಧಿಕಾರಿ ಒಳ್ಳೆಯವನಂತೆಯೇ ಕಂಡ. ಎಫಿ ಅವನ ಕೈಯನ್ನೂ ನೋಡಿದಳು, ಏನೂ ತಿಳಿಯಲಿಲ್ಲ. ಅವನು ತೀರ್ಪನ್ನು ನವೆಂಬರಿನ ಮಾರ್ಟಿನ್‌ಮಸ್ ಹಬ್ಬಕ್ಕೆ, ಅಂದರೆ ಕಣಿವೆಯಲ್ಲಿ ಗೇಣಿಯ ಕರಾರು ಬದಲಾಗುವ ದಿನಕ್ಕೆ ಇಟ್ಟ. ಅಷ್ಟರೊಳಗೆ ಕಂಡವರೊಬ್ಬರು ಬಂದು, ಆ ಕರೆ ಪದ್ಧತಿಯ ಪ್ರಕಾರ ನಡೆದ ನಿಜವಾದ ಕರೆ ಎಂದು ಪ್ರಮಾಣ ಮಾಡಿದರೆ ಹೊಲ ಡ್ಯೂವರ್‌ಳದು. ಇಲ್ಲದಿದ್ದರೆ ಎಸ್ಟೇಟಿನದು.

ಎಫಿ ಯಾರ ಮನೆಗೂ ಹೋಗಲಿಲ್ಲ. ಹೊಲಕ್ಕೆ ಗೊಬ್ಬರ ಹೊಡೆಯತೊಡಗಿದಳು. ಒಂದು ಸಂಜೆ ಲಾಕ್ಲನ್ ಕಲ್ಲುಗೋಡೆಯ ಆಚೆ ಬಂದು ನಿಂತ.

“ಹೇಳಿದ್ರೆ ಜೈಲು ಕಣೇ, ಎಫಿ. ಕುರಿ ಅಟ್ಟಿದ್ದು ನಾನೇ.”

“ಗೊತ್ತು.”

“ಕೆಲಸಾನೂ ಹೋಗುತ್ತೆ.”

“ಗೊತ್ತು.”

“ಆದ್ರೂ ಒಂದು ಮಾತೂ ಕೇಳ್ಕೊಳ್ಳೋದಿಲ್ಲವಲ್ಲ ನೀನು? ಕೈ ಮುಗಿದು ಕೇಳಿದ್ರೆ ನಾನೇನು ಕಲ್ಲಾ?”

“ಕೈ ಮುಗಿದ್ರೆ ನೀನು ಉಪಕಾರ ಮಾಡಿದ ಹಾಗಾಗುತ್ತೆ. ನಂಗೆ ಉಪಕಾರ ಬೇಡ, ಬರಬೇಕಾದ್ದು ಬರ್ಲಿ. ಆ ಕಡೆ ಸರಿ, ಗೊಬ್ಬರ ಎರಚ್ತೀನಿ.”

ಅವನು ಸರಿದ. ಹೋದನೋ, ಗೋಡೆಯ ಹಿಂದೆಯೇ ನಿಂತನೋ, ಅವಳು ತಿರುಗಿ ನೋಡಲಿಲ್ಲ. ಸಲಿಕೆಯಲ್ಲಿ ಗೊಬ್ಬರ ತುಂಬಿ ಎಸೆದಳು, ಮತ್ತೆ ತುಂಬಿದಳು.

ಮಾರ್ಟಿನ್‌ಮಸ್ ಇನ್ನೂ ಬಂದಿಲ್ಲ. ಶಾಲೆಯ ಕೋಣೆಯಲ್ಲಿ ಸಾಕ್ಷಿಯ ಬೆಂಚು ಖಾಲಿ ಇದೆ. ಆದರೆ ಇಷ್ಟು ಓದಿದ ಮೇಲೆ ಕಂಡವರು ಲಾಕ್ಲನ್ ಒಬ್ಬನೇ ಅಲ್ಲ. ಕರೆದದ್ದನ್ನೂ ನೀವು ಕಂಡಿರಿ, ಹೋದದ್ದನ್ನೂ ಕಂಡಿರಿ, ಬೀಗ ತೆಗೆದದ್ದನ್ನೂ ಕಂಡಿರಿ. ಪಾಪ ಎಫಿ ಎಂದು ಲೊಚಗುಟ್ಟಿ ಪುಟ ಮಡಚಬೇಡಿ. ಅವಳು ನಿಮ್ಮನ್ನು ನಂಬಿಲ್ಲ, ನಿಮ್ಮ ಕೈ ನೋಡುತ್ತಿದ್ದಾಳೆ. ಎದ್ದು ನಿಲ್ಲಿ. ಮೊದಲು ನಿಮ್ಮ ಮನೆತನದ ಹೆಸರು ಹೇಳಿ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಉತ್ತರ ಹೇಳಿ: ಆ ಕರೆ ನಿಜವೋ, ಸುಳ್ಳೋ?